ಒಂದೇ ಕಾದಂಬರಿಗೆ ಹತ್ತು ಮಾತು ಬಂದರೆ ಏನು ಮಾಡೋದು?

ಇಂಗ್ಲಿಷ್ ಲೇಖಕಿ ಸುಸಾನಾ ಕ್ಲಾರ್ಕ್ ಅವರ ಮೊದಲ ಕಾದಂಬರಿ 'ಜೊನಾಥನ್ ಸ್ಟ್ರೇಂಜ್ ಅಂಡ್ ಮಿಸ್ಟರ್ ನೊರೆಲ್' ಬಂದಿದ್ದು 2004ರಲ್ಲಿ. ಮರುವರ್ಷವೇ ವಿಜ್ಞಾನ ಕಥೆ, ಫ್ಯಾಂಟಸಿಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ. ಕುಂಬಳೆಯಲ್ಲಿ ನಾವು ನಾಲ್ಕು ಜನ ಓದಿದೆವು. ಒಬ್ಬರು ಅದರ ಅಡಿಟಿಪ್ಪಣಿಗಳಿಗೇ ಮರುಳಾದರು, ಇನ್ನೊಬ್ಬರು ಅದೇ ಅಡಿಟಿಪ್ಪಣಿಗಳಿಂದ ಬೇಸತ್ತು ನೂರನೇ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿ ಇಟ್ಟವರು ಮತ್ತೆ ತೆರೆಯಲೇ ಇಲ್ಲ. ಇಬ್ಬರದೂ ಸುಳ್ಳಲ್ಲ, ಅಲ್ವಾ?

ಹಾಗಾಗಿ ಸುಮ್ನೆ 'ಚೆನ್ನಾಗಿದೆ', 'ಬೋರು' ಅಂದರೆ ಬಿಡಬೇಡಿ, ಯಾಕೆ ಅಂತ ಕೇಳಿ. ಎಷ್ಟು ಪುಟ ಓದಿದ್ದಾರೆ ಅಂತಲೂ ಕೇಳಿ. ಯಕ್ಷಗಾನದ ಆಟಕ್ಕೆ ಹೋಗುವವರಲ್ಲೂ ಒಬ್ಬರಿಗೆ ಅರ್ಥಗಾರಿಕೆ ಬೇಕು, ಒಬ್ಬರಿಗೆ ಚೆಂಡೆ. ನಿಮ್ಮ ರುಚಿಗೆ ಹತ್ತಿರದವರ ದೂರನ್ನೇ ಮೊದಲು ಕೇಳಿಸಿಕೊಳ್ಳಿ. ಆಮೇಲೆ ನಡುವಿನ ಎರಡು ಪುಟ ತಿರುವಿ ನೋಡಿ. ಮೊದಲ ಪುಟವನ್ನು ಎಲ್ಲರೂ ತಿದ್ದಿ ತೀಡಿರುತ್ತಾರೆ.