ಶಿರಸಿಯ ಆಂಥೂರಿಯಂ, ಗದಗಿನ ಬಿಸಿಲು

ಶಿರಸಿಯಿಂದ ತಂದ ನಾಲ್ಕು ಆಂಥೂರಿಯಂ ಹೂಗಿಡ ಗದಗಿನ ನಮ್ಮ ಅಂಗಳದಲ್ಲಿ ಏಪ್ರಿಲ್ ದಾಟಲಿಲ್ಲ. ಮೊದಲು ಎಲೆಯ ಅಂಚು ಕಂದಾಯಿತು, ಆಮೇಲೆ ಹಪ್ಪಳದ ಹಾಗೆ ಮುಟ್ಟಿದರೆ ಪುಡಿ. ನಾನು ನೀರು ಕಡಿಮೆಯಾಯಿತು ಅಂತ ಸುರಿದೇ ಸುರಿದೆ. ನಮ್ಮದು ಕಪ್ಪು ಎರೆಮಣ್ಣು ಅಲ್ವಾ, ನೀರು ಇಳಿಯದೆ ಬೇರು ಕೊಳೆತು ನಾರುತ್ತಿತ್ತು.

ತಪ್ಪು ನನ್ನದೇ. ಗಿಡದ ಚೀಟಿಯಲ್ಲಿದ್ದ ‘ಹಾರ್ಡಿನೆಸ್ ಝೋನ್’ ನಂಬಿದ್ದೆ. ಅದು ಯಾವ ಗಿಡ ಎಲ್ಲಿ ಬದುಕುತ್ತೆ ಅನ್ನೋ ಅಮೆರಿಕದ ಲೆಕ್ಕ. ಚಳಿಗಾಲದ ಕನಿಷ್ಠ ಉಷ್ಣತೆ ನೋಡಿ 13 ವಲಯ ಮಾಡಿದ್ದಾರೆ, ಅಷ್ಟೇ. ನಮ್ಮಲ್ಲಿ ಗಿಡ ಸಾಯೋದು ಚಳಿಗಲ್ಲ, 40 ಡಿಗ್ರಿ ಮುಟ್ಟುವ ಬಿಸಿಲಿಗೆ, ಒಣ ಗಾಳಿಗೆ. ಅದರ ಬಗ್ಗೆ ಆ ಚೀಟಿ ಚಕಾರ ಎತ್ತಲ್ಲ.

ಆಮೇಲೆ ಸುಮ್ನೆ ಓಣಿ ಸುತ್ತಿದೆ. ಯಾರೂ ನೀರು ಹಾಕದಿದ್ದರೂ ಹೂ ಬಿಟ್ಟಿದ್ದು ಕಣಗಿಲೆ ಮತ್ತು ಕಾಗದದ ಹೂವು. ಅವನ್ನೇ ತಂದೆ. ಜೊತೆಗೆ ದಾಸವಾಳ, ದುಂಡುಮಲ್ಲಿಗೆ.

ಎರಡು ಅಡಿ ಗುಂಡಿ ತೋಡಿ, ಎರೆಮಣ್ಣಿಗೆ ಕೆಂಪು ಮಸಾರಿ ಮಣ್ಣು, ಉಸುಕು, ಹಳೇ ತಿಪ್ಪೆಗೊಬ್ಬರ ಕಲಸಿದೆ. ಜೂನ್‌ನ ಮಿರಗಿ (ಮೃಗಶಿರಾ) ಮಳೆ ಬಿದ್ದ ಮೇಲೇ ನೆಟ್ಟೆ. ನೀರು ನಿಲ್ಲದ ಹಾಗೆ ಬುಡ ಸ್ವಲ್ಪ ಏರಿಸಿದೆ. ಬೇಸಿಗೆಗೆ ಬುಡಕ್ಕೆ ಜೋಳದ ಕಣಿಕೆ ಹೊದಿಸಿದೆ, ಮಣ್ಣು ಬಿರಿಯೋದು ನಿಂತಿತು.

ಕಣಗಿಲೆ ವಿಷ, ಮನೇಲಿ ಸಣ್ಣ ಮಕ್ಕಳಿದ್ದರೆ ಬೇಡ. ಆಂಥೂರಿಯಂ ಆಸೆ ಇನ್ನೂ ಹೋಗಿಲ್ಲ. ಹೊಸದೊಂದನ್ನು ಬಚ್ಚಲ ಕಿಟಕಿಯಲ್ಲಿಟ್ಟಿದ್ದೇನೆ.