ನೋವಿಗೆ ಅಂಕ ಹಾಕುವುದು ಬಿಟ್ಟೆ, ಅಂಗಿಯ ಗುಂಡಿ ಲೆಕ್ಕಕ್ಕಿಟ್ಟೆ

ಕ್ಯಾನ್ಸರ್‌ನ ಕೀಮೋ ಮುಗಿದರೂ ನರ ಕೆಟ್ಟು ಬೆರಳು, ಪಾದ ಮರಗಟ್ಟಿಯೇ ಉಳಿದವರಿಗಾಗಿ ಇದು. ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ವಿನ್‌ಕ್ರಿಸ್ಟಿನ್, ಬೋರ್ಟೆಜೊಮಿಬ್, ಈ ಔಷಧಗಳಲ್ಲಿ ಯಾವುದರಿಂದ ಬಂತು, ಹೇಗೆ ಬಂತು ಎಂಬುದು ನಿಮಗೆ ಗೊತ್ತೇ ಇದೆ. ನೋಡುವವರಿಗೆ ಏನೂ ಕಾಣುವುದಿಲ್ಲ. ಕೂದಲು ಮತ್ತೆ ಬಂತು, ಅಲ್ಲಿಗೆ ಎಲ್ಲ ಸರಿಹೋಯಿತು ಅನ್ನುವುದು ಅವರ ಲೆಕ್ಕ. ಆ ಲೆಕ್ಕ ತಿದ್ದಲು ನಾನು ಹಿಡಿದದ್ದು ಒಂದು ನೋಟ್‌ಬುಕ್. ‘ಕಾಯಿಲೆಯನ್ನು ಬರೆದಿಡುತ್ತ ಕೂತರೆ ಮನಸ್ಸು ಅದರಲ್ಲೇ ಸಿಕ್ಕಿಕೊಳ್ಳುತ್ತೆ’ ಎಂದವರೇ ಹೆಚ್ಚು. ಈಗ ಅವರೇ ಅದರ ಪುಟ ತಿರುವಿ ನೋಡುತ್ತಾರೆ.

ಮೊದಲು ಕೈಕೊಟ್ಟದ್ದು ನೋವಿಗೆ ಹಾಕುವ ಸೊನ್ನೆಯಿಂದ ಹತ್ತರ ಅಂಕ. ಮರಗಟ್ಟಿದ ಬೆರಳಿಗೆ ನೋವೇ ಇಲ್ಲ, ಅಂಕ ಸೊನ್ನೆ. ಲೋಟ ಜಾರುವುದು ಅದೇ ಸೊನ್ನೆಯ ಬೆರಳಿನಿಂದ. ಆಮೇಲೆ ಉಪಮೆಗಳು ಕೈಕೊಟ್ಟವು. ಇರುವೆ ಹರಿದಂತೆ, ಮರಳ ಮೇಲೆ ನಡೆದಂತೆ ಎಂದರೆ ‘ನಮಗೂ ಕಾಲು ಜೋಮು ಹಿಡಿಯುತ್ತಪ್ಪ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ನರದೌರ್ಬಲ್ಯ’ ಎನ್ನುವ ಪದವನ್ನಂತೂ ಬಾಯಿಗೇ ತರಬೇಡಿ, ಜಾಹೀರಾತುಗಳು ಅದನ್ನು ಎಂದೋ ಹಾಳು ಮಾಡಿವೆ.

ದುಡ್ಡು ಹೋದದ್ದು ಮುಲಾಮು, ಮಸಾಜ್ ಯಂತ್ರ, ವಿಟಮಿನ್ ಡಬ್ಬಿಗಳಿಗೆ. ವಿಟಮಿನ್ ಬಿ6 ಅತಿಯಾದರೆ ಅದೇ ನರ ಕೆಡಿಸುತ್ತದೆ. ನರಕ್ಕೆ ಒಳ್ಳೆಯದೆಂದು ಮಾರುವ ಅಸಿಟೈಲ್ ಎಲ್ ಕಾರ್ನಿಟಿನ್ ತೆಗೆದುಕೊಂಡವರಿಗೆ ಜೋಮು ಇನ್ನೂ ಹೆಚ್ಚಿದ್ದು ಟ್ಯಾಕ್ಸೇನ್ (ಪ್ಯಾಕ್ಲಿಟ್ಯಾಕ್ಸೆಲ್ ಗುಂಪಿನ ಔಷಧ) ಪಡೆದ ರೋಗಿಗಳ ಪ್ರಯೋಗದಲ್ಲೇ ಕಂಡಿದೆ. ಪುರಾವೆ ಇರುವ ಮಾತ್ರೆ ಡುಲೊಕ್ಸೆಟಿನ್ ಒಂದೇ, ಅದೂ ನೋವಿಗೆ. ವೈದ್ಯರು ಬರೆದುಕೊಟ್ಟರೆ ತೆಗೆದುಕೊಳ್ಳಿ, ಆದರೆ ನೀವಾಗಿ ಥಟ್ಟನೆ ನಿಲ್ಲಿಸಬೇಡಿ. ನನಗೆ ಕೊನೆಗೆ ಕೆಲಸಕ್ಕೆ ಬಂದ ವಸ್ತುಗಳೆಲ್ಲ ಸೇರಿಸಿದರೂ ಒಂದು ಮುಲಾಮಿನ ಬೆಲೆ ಆಗಲಿಕ್ಕಿಲ್ಲ.

ನೋಟ್‌ಬುಕ್ಕಿನ ಪುಟಕ್ಕೆ ಮೂರು ಅಂಕಣ. ಎಡಕ್ಕೆ ಕೆಲಸ, ನಡುವೆ ಹಿಡಿದ ಸಮಯ, ಬಲಕ್ಕೆ ಬೇಕಾದ ಸಹಾಯ. ಅಳತೆಗೆ ಐದು ಗುಂಡಿಯ ಒಂದೇ ಅಂಗಿ, ವಾರಕ್ಕೊಂದೇ ಸಲ, ಕೈ ಬೆಚ್ಚಗಿರುವಾಗ. ಶುರುವಿನಲ್ಲಿ ನಾಲ್ಕು ನಿಮಿಷದ ಆಸುಪಾಸು, ಈಗ ಒಂದೂವರೆ ಇರಬಹುದು. ದಿನಾ ಅಳೆದರೆ ಏರಿಳಿತ ನೋಡಿ ಎದೆ ಒಡೆಯುತ್ತದೆ. ಅದೂ ಅಲ್ಲದೆ ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್ ಆದವರಿಗೆ ಕೊನೆಯ ಡೋಸ್ ಮುಗಿದ ಮೇಲೂ ಕೆಲವು ತಿಂಗಳು ಜೋಮು ಏರುತ್ತಲೇ ಹೋಗಬಹುದು. ಇದು ಗೊತ್ತಿಲ್ಲದವರು ಕಾಯಿಲೆಯೇ ಮರಳಿತು ಎಂದು ನಿದ್ದೆಗೆಡುತ್ತಾರೆ. ಆ ಅವಧಿಯಲ್ಲಿ ಬರೆದಿಡಿ, ತೀರ್ಮಾನ ಬೇಡ.

ಇಡೀ ಉಪಾಯ ಇರುವುದು ಬಲಗಡೆಯ ಅಂಕಣದಲ್ಲಿ. ‘ಸ್ವಲ್ಪ ಸಹಾಯ ಮಾಡಿ’ ಎಂದು ಬರೆದರೆ ವ್ಯರ್ಥ. ಏನು, ಎಲ್ಲಿಯವರೆಗೆ, ಎರಡೂ ಬೇಕು: ‘ಮುಚ್ಚಳ ಸಡಿಲ ಮಾಡಿ ಕೊಡು, ತೆಗೆಯುವುದು ನಾನೇ.’ ಎಲ್ಲಿಯವರೆಗೆ ಎಂದು ಹೇಳದಿದ್ದರೆ ಮನೆಯವರು ಡಬ್ಬಿಯನ್ನೇ ಕಿತ್ತುಕೊಳ್ಳುತ್ತಾರೆ. ನಿಮಗೆ ಸಿಟ್ಟು ಬರುತ್ತದೆ, ಅವರಿಗೆ ಯಾಕೆ ಸಿಟ್ಟು ಬಂತೆಂದು ತಿಳಿಯುವುದಿಲ್ಲ. ಮಿತಿ ಹೇಳಿದರೆ ಅವರಿಗೂ ಹಗುರ, ತಮ್ಮ ಪಾಲು ಎಲ್ಲಿ ಮುಗಿಯಿತೆಂದು ಗೊತ್ತಾಗುತ್ತದೆ.

‘ಬದುಕಿ ಬಂದೆಯಲ್ಲ, ಅಷ್ಟು ಸಾಕು’ ಎನ್ನುವವರಿಗೆ ಎರಡು ವಾಕ್ಯ: ‘ಹೌದು, ಬದುಕಿದ್ದೇನೆ. ಗುಂಡಿ ಹಾಕಲು ಬರುವುದಿಲ್ಲ.’ ನಡುವೆ ‘ಆದರೆ’ ಸೇರಿಸಬೇಡಿ. ಸೇರಿಸಿದ ಕೂಡಲೇ ದೂರು ಅನ್ನಿಸಿಕೊಳ್ಳುತ್ತದೆ, ಅವರು ಸಮಾಧಾನ ಹೇಳಲು ಕೂರುತ್ತಾರೆ. ‘ಆದರೆ’ ತೆಗೆದು ಒಂದು ಉಸಿರು ಬಿಟ್ಟು ನೋಡಿ, ಮುಂದಿನ ಮಾತು ಬಹುತೇಕ ‘ಹಾಗಾದರೆ ಹೇಗೆ ಹಾಕ್ತೀಯ?’ ಎಂದೇ ಬರುತ್ತದೆ. ಕಚೇರಿಯಲ್ಲಿ ಮೇಲಿನವರಿಗೆ ಹೇಳುವ ವಾಕ್ಯ ಇನ್ನೊಂದಿದೆ, ಅದು ನನ್ನ ಹತ್ತಿರವೇ ಇರಲಿ.

ಸಂಗಾತಿ ಕೈ ಹಿಡಿದದ್ದು ತಿಳಿಯದೆ ಸುಮ್ಮನಿದ್ದರೆ ಅವರಿಗೆ ಅದು ಮುನಿಸಾಗಿ ಕಾಣುತ್ತದೆ. ಬೆರಳು ಬಿಟ್ಟು ಮುಂಗೈ ಹಿಡಿಯಲು ಹೇಳಿ, ಅಲ್ಲಿ ಸ್ಪರ್ಶ ಸಾಮಾನ್ಯವಾಗಿ ಇನ್ನೂ ಉಳಿದಿರುತ್ತದೆ.

ಸಮಾರಂಭಗಳನ್ನು ತಪ್ಪಿಸಲು ಶುರುವಾಗುವುದು ನಾಚಿಕೆಯಿಂದ ಎಂದುಕೊಂಡಿದ್ದೆ. ಅರ್ಧ ಕಾರಣ ಕತ್ತಲೆ. ಪಾದ ನೆಲದ ಸುದ್ದಿ ತಲುಪಿಸದಿದ್ದಾಗ ಸಮತೋಲನ ಹೆಚ್ಚಾಗಿ ಕಣ್ಣಿನ ಮೇಲೆಯೇ ನಿಂತಿರುತ್ತದೆ. ಬೆಳಕು ಹೋದರೆ ತೂರಾಟ, ನೋಡಿದವರು ಕುಡಿದಿದ್ದಾರೆ ಎಂದುಕೊಂಡರೆ ಆಶ್ಚರ್ಯವಿಲ್ಲ. ಜೇಬಿನಲ್ಲಿ ಟಾರ್ಚ್, ಗೋಡೆ ಪಕ್ಕದ ಕುರ್ಚಿ, ‘ಅರ್ಧ ಗಂಟೆ ಇರುತ್ತೇನೆ’ ಎಂಬ ಮುಂಚಿತ ಮಾತು, ಇಷ್ಟಿದ್ದರೆ ಕರೆದ ಹತ್ತರಲ್ಲಿ ಆರಕ್ಕೆ ಹೋಗಬಹುದು.

ನಡುವೆ ಮಾಡಿದ ಚಿಲ್ಲರೆ ಪ್ರಯೋಗಗಳೂ ಇವೆ. ಪೆನ್ನಿಗೆ ಸ್ಪಂಜಿನ ಕೊಳವೆ ಸುತ್ತಿದ್ದು ಫಲಿಸಿತು, ಚಮಚಕ್ಕೆ ಸುತ್ತಿದ್ದು ಒದ್ದೆಯಾಗಿ ನಾರಿತು. ಜಿಪ್‌ಗೆ ಕೀ ರಿಂಗ್ ಹಾಕಿದ್ದು ಎಲ್ಲಕ್ಕಿಂತ ಒಳ್ಳೆಯದು. ಸ್ನಾನದ ನೀರಿನ ಬಿಸಿ ನೋಡಲು ಬೆರಳನ್ನು ನಂಬಬೇಡಿ, ಮೊಣಕೈ ಅದ್ದಿ. ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿ, ಗಾಯವಾದರೂ ತಿಳಿಯುವುದಿಲ್ಲ.

ಕೀಮೋ ಇನ್ನೂ ನಡೆಯುತ್ತಿರುವವರು ಡೋಸ್ ಇಳಿಸಿಯಾರು ಎಂಬ ಭಯಕ್ಕೆ ಜೋಮನ್ನು ಮುಚ್ಚಿಡುತ್ತಾರೆ. ಮುಚ್ಚಿಡಬೇಡಿ, ಪುಟವನ್ನೇ ತೋರಿಸಿ. ಜೋಮು ಎಷ್ಟು ತೀವ್ರವೆಂದು ವೈದ್ಯರು ಶ್ರೇಣಿ ಹಾಕುವುದೂ ಕೆಲಸ ನೋಡಿಯೇ. ಅಡುಗೆ, ಅಂಗಡಿ ಖರೀದಿಯಂಥ ಕೆಲಸಕ್ಕೆ ತೊಡಕಾದರೆ ಎರಡನೆಯದು, ಬಟ್ಟೆ ಹಾಕುವುದು, ಉಣ್ಣುವುದು ಕಷ್ಟವಾದರೆ ಮೂರನೆಯದು. ಎರಡು ವಾರ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆಯಿಲ್ಲ ಎಂದಾದರೆ ಅದು ನೋಟ್‌ಬುಕ್ಕಿನ ಕೆಲಸವಲ್ಲ, ಅದನ್ನೂ ಅವರಿಗೆ ಹೇಳಿ.

ಅಂಗಿಯ ಐದರಲ್ಲಿ ನಾಲ್ಕು ಗುಂಡಿ ನನ್ನವು. ಕೊರಳಿನದ್ದು ಇವತ್ತಿಗೂ ಬಲಗಡೆಯ ಅಂಕಣದಲ್ಲೇ ಇದೆ.