ಇಂಗ್ಲೆಂಡಿನ ಮಹಿಳಾ ಜೈಲುಗಳ ಮೇಲೆ ಕಣ್ಣಿಡುವವರು ಯಾರು, ದೂರು ಎಲ್ಲಿಗೆ ಕೊಡಬೇಕು

ಮನೆಯ ಹೆಣ್ಣುಮಗಳೊಬ್ಬಳು ಪರದೇಶದಲ್ಲಿ ಜೈಲು ಸೇರಿದಾಗ, ಆ ಸಂಗತಿಯನ್ನು ಯಾರಿಗೂ ಹೇಳಲಾರದೆ ಒಳಗೊಳಗೇ ಕೊರಗುವ ಕುಟುಂಬಕ್ಕೆ, ಮೊಕದ್ದಮೆ ನೋಡಿಕೊಳ್ಳುವ ವಕೀಲರನ್ನು ಬಿಟ್ಟರೆ ಅವಳನ್ನು ಒಳಗೆ ಹೇಗೆ ನಡೆಸಿಕೊಳ್ಳುತ್ತಿದ್ದಾರೆ ಎಂದು ವಿಚಾರಿಸಲು ಬೇರೆ ಯಾರಾದರೂ ಇದ್ದಾರೆಯೇ ಎಂಬುದೇ ತಿಳಿದಿರುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂಥವರು ಇದ್ದಾರೆ. ಜೈಲಿನ ಆಡಳಿತಕ್ಕೆ ಸೇರದ ಮೂರು ಸಂಸ್ಥೆಗಳು ಈ ಕೆಲಸ ಮಾಡುತ್ತವೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲವಾದ್ದರಿಂದ, ಯಾವುದಕ್ಕೆ ಯಾವಾಗ ಬರೆಯಬೇಕು ಎಂಬುದನ್ನು ತಿಳಿದಿರುವುದು ಬಹಳ ಮುಖ್ಯ.

ಮೊದಲು ಒಂದು ವಾಸ್ತವವನ್ನು ಗಮನಿಸಬೇಕು. ಈ ದೇಶದ ಕೈದಿಗಳಲ್ಲಿ ಮಹಿಳೆಯರು ಶೇಕಡಾ 4ರಷ್ಟು ಮಾತ್ರ. ಇಂಗ್ಲೆಂಡಿನಲ್ಲಿ ಅವರಿಗಾಗಿ 12 ಜೈಲುಗಳಿವೆ. ವೇಲ್ಸ್‌ನಲ್ಲಿ ಒಂದೂ ಇಲ್ಲ. ಲಂಡನ್ನಿನ ಹಾಲೊವೇ ಜೈಲು 2016ರಲ್ಲಿ ಮುಚ್ಚಿತು. ಹೀಗಾಗಿ ಅನೇಕ ಮಹಿಳೆಯರು ಮನೆಯಿಂದ ಬಹುದೂರದ ಜೈಲಿನಲ್ಲಿರುತ್ತಾರೆ, ಮನೆಯವರ ಭೇಟಿ ಅಪರೂಪವಾಗುತ್ತದೆ. ಬಂದು ನೋಡುವವರು ಕಡಿಮೆಯಾದಷ್ಟೂ ಹೊರಗಿನ ಮೇಲ್ವಿಚಾರಣೆಯ ಅಗತ್ಯ ಹೆಚ್ಚು.

ಕೈದಿಗೆ ಅತ್ಯಂತ ಹತ್ತಿರವಿರುವುದು ಇಂಡಿಪೆಂಡೆಂಟ್ ಮಾನಿಟರಿಂಗ್ ಬೋರ್ಡ್. ಪ್ರತಿಯೊಂದು ಜೈಲಿಗೂ ಇಂಥದೊಂದು ಮಂಡಳಿ ಇರಲೇಬೇಕೆಂದು 1952ರ ಜೈಲು ಕಾಯ್ದೆಯೇ ಹೇಳುತ್ತದೆ. ಇದರ ಸದಸ್ಯರು ಸಂಬಳವಿಲ್ಲದೆ ದುಡಿಯುವ ಸಾಮಾನ್ಯ ನಾಗರಿಕರು. ಅವರನ್ನು ನೇಮಿಸುವವರು ಸಚಿವರು. ಅವರು ಯಾವುದೇ ಹೊತ್ತಿನಲ್ಲಿ ಜೈಲಿನ ಯಾವುದೇ ಭಾಗಕ್ಕೆ ಹೋಗಬಹುದು, ಅಧಿಕಾರಿಗಳ ಕಿವಿಗೆ ಬೀಳದಂತೆ ಕೈದಿಯೊಡನೆ ಮಾತನಾಡಬಹುದು, ದಾಖಲೆಗಳನ್ನು ನೋಡಬಹುದು. ಹೊದಿಕೆ ಸಿಕ್ಕಿಲ್ಲ, ಊಟದಲ್ಲಿ ಸಸ್ಯಾಹಾರದ ನಿಯಮ ಪಾಲಿಸುತ್ತಿಲ್ಲ, ಒಂಟಿ ಕೋಣೆಯಲ್ಲಿ ಇರಿಸಿದ್ದಾರೆ ಎಂಬಂಥ ವಿಷಯಗಳಿಗೆ ಕೈದಿ ಮೊದಲು ನೆನೆಯಬೇಕಾದದ್ದು ಇವರನ್ನು. ಮಂಡಳಿಗೆಂದೇ ಜೈಲಿನೊಳಗೆ ಇರಿಸಿರುವ ಪೆಟ್ಟಿಗೆಗೆ ಒಂದು ಅರ್ಜಿ ಹಾಕಿದರೆ ಸದಸ್ಯರೊಬ್ಬರು ಬಂದು ಕಾಣುತ್ತಾರೆ. ಆದರೆ ಅವರು ಜೈಲಿನ ಮುಖ್ಯಾಧಿಕಾರಿಗೆ ಆಜ್ಞೆ ಮಾಡಲಾರರು. ಪ್ರಶ್ನೆ ಕೇಳುವುದು, ಉತ್ತರಕ್ಕೆ ಬೆನ್ನುಹತ್ತುವುದು, ಸಚಿವರಿಗೆ ಸಲ್ಲಿಸುವ ವಾರ್ಷಿಕ ವರದಿಯಲ್ಲಿ ಕಂಡದ್ದನ್ನು ಬರೆಯುವುದು, ಇವಿಷ್ಟೇ ಅವರ ಬಲ.

ಕೈದಿಗಳ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಪ್ರಿಸನ್ಸ್ ಅಂಡ್ ಪ್ರೊಬೇಷನ್ ಒಂಬುಡ್ಸ್‌ಮನ್ ಎಂಬ ಎರಡನೆಯ ಸಂಸ್ಥೆ, 1990ರಲ್ಲಿ ಮ್ಯಾಂಚೆಸ್ಟರಿನ ಸ್ಟ್ರೇಂಜ್‌ವೇಸ್ ಜೈಲಿನಲ್ಲಿ ನಡೆದ ದಂಗೆಯ ವಿಚಾರಣೆಯ ಫಲವಾಗಿ 1994ರಲ್ಲಿ ಹುಟ್ಟಿತು. ನಮ್ಮವರು ಎಡವುವುದು ಇಲ್ಲಿಯೇ. ಜೈಲಿನ ಒಳಗಿನ ದೂರಿನ ಹಾದಿ ಮುಗಿಯುವ ಮುನ್ನ ಒಂಬುಡ್ಸ್‌ಮನ್ನರಿಗೆ ಬರೆದರೆ ಅವರು ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಘಟನೆ ನಡೆದ ಮೂರು ತಿಂಗಳೊಳಗೆ ಕಾಂಪ್ 1 ಎಂಬ ನಮೂನೆಯಲ್ಲಿ ದೂರು ಕೊಡಬೇಕು. ಉತ್ತರ ತೃಪ್ತಿಕರವಲ್ಲದಿದ್ದರೆ ಕಾಂಪ್ 1ಎ ನಮೂನೆಯಲ್ಲಿ ಮೇಲ್ಮನವಿ ಸಲ್ಲಿಸಬೇಕು. ಅಂತಿಮ ಉತ್ತರ ಬಂದ ಮೂರು ತಿಂಗಳೊಳಗೆ ಒಂಬುಡ್ಸ್‌ಮನ್ನರಿಗೆ ಬರೆಯಬೇಕು. ಸಿಬ್ಬಂದಿಯ ವಿರುದ್ಧದ ಗಂಭೀರ ದೂರು ಅಥವಾ ಇತರರ ಕಣ್ಣಿಗೆ ಬೀಳಬಾರದ ವಿಷಯವಾದರೆ ಮುಚ್ಚಿದ ಲಕೋಟೆಯಲ್ಲಿ ಹೋಗುವ ಕಾಂಪ್ 2 ನಮೂನೆ ಇದೆ. ಪ್ರತಿ ಉತ್ತರವನ್ನೂ ಜೋಪಾನವಾಗಿ ಇಟ್ಟುಕೊಳ್ಳುವಂತೆ ಒಳಗಿರುವವರಿಗೆ ಮರೆಯದೆ ಹೇಳಿ.

2004ರಿಂದ ಕಸ್ಟಡಿಯಲ್ಲಿನ ಸಾವುಗಳ ತನಿಖೆಯೂ ಇದೇ ಕಚೇರಿಯದು. 2019ರ ಸೆಪ್ಟೆಂಬರಿನಲ್ಲಿ, ಖಾಸಗಿ ಕಂಪನಿಯೊಂದು ನಡೆಸುವ ಬ್ರಾನ್ಜ್‌ಫೀಲ್ಡ್ ಜೈಲಿನಲ್ಲಿ 18 ವರ್ಷದ ಯುವತಿಯೊಬ್ಬಳು ರಾತ್ರಿ ಕೋಣೆಯಲ್ಲಿ ಒಬ್ಬಳೇ ಹೆತ್ತಳು. ಗಂಟೆ ಒತ್ತಿ ನರ್ಸ್ ಬೇಕೆಂದು ಕೇಳಿದರೂ ಯಾರೂ ಬರಲಿಲ್ಲ, ಮಗು ಉಳಿಯಲಿಲ್ಲ. ಕೈದಿಯೇ ಅಲ್ಲದ ಶಿಶುವಿನ ಸಾವು ಒಂಬುಡ್ಸ್‌ಮನ್ನರ ಎಂದಿನ ವ್ಯಾಪ್ತಿಯಲ್ಲಿರಲಿಲ್ಲವಾದರೂ ವಿಶೇಷ ತನಿಖೆ ನಡೆದು 2021ರಲ್ಲಿ ವರದಿ ಪ್ರಕಟವಾಯಿತು. ಬೀಗ ಹಾಕಿದ ಬಾಗಿಲಿನ ಹಿಂದೆ ಇರುವ ಕಾರಣಕ್ಕೇ ಜೈಲಿನಲ್ಲಿರುವ ಪ್ರತಿಯೊಬ್ಬ ಗರ್ಭಿಣಿಯನ್ನೂ ಹೆಚ್ಚಿನ ಅಪಾಯದಲ್ಲಿರುವವಳೆಂದು ಪರಿಗಣಿಸಬೇಕು ಎಂದು ಅದು ಹೇಳಿತು. ಇಷ್ಟು ಸರಳವಾದ ಮಾತನ್ನು ಹೇಳಿಸಲು ಒಂದು ಕೂಸಿನ ಜೀವ ಹೋಗಬೇಕಾಯಿತು ಎಂಬುದು ಸಹಿಸಲಾಗದ ಸಂಗತಿ. ನಿಮ್ಮವರು ಗರ್ಭಿಣಿಯಾಗಿದ್ದರೆ ಆ ಮಾತನ್ನು ಉಲ್ಲೇಖಿಸಿಯೇ ಪತ್ರ ಬರೆಯಿರಿ.

ಮೂರನೆಯದು ಜೈಲುಗಳ ಇನ್‌ಸ್ಪೆಕ್ಟರೇಟ್. ಇದು ಒಬ್ಬೊಬ್ಬರ ದೂರನ್ನು ಬಗೆಹರಿಸುವುದಿಲ್ಲ; ಇಡೀ ಜೈಲನ್ನು ಪರೀಕ್ಷಿಸುತ್ತದೆ. ಬಹುತೇಕ ಮುನ್ಸೂಚನೆಯಿಲ್ಲದೆ ಬರುವ ತಪಾಸಕರು ಕೈದಿಗಳಿಂದ ಗೋಪ್ಯ ಸಮೀಕ್ಷೆಯ ಮೂಲಕ ಉತ್ತರ ಪಡೆದು, ಸುರಕ್ಷತೆ, ಗೌರವ, ಉಪಯುಕ್ತ ಚಟುವಟಿಕೆ, ಬಿಡುಗಡೆಯ ಸಿದ್ಧತೆ ಎಂಬ ನಾಲ್ಕು ಅಳತೆಗಳಲ್ಲಿ ತೂಗುತ್ತಾರೆ. ಮಹಿಳಾ ಜೈಲುಗಳಿಗೆ ಪ್ರತ್ಯೇಕ ಮಾನದಂಡಗಳಿವೆ. ಸ್ಥಿತಿ ತೀರಾ ಕೆಟ್ಟಿದ್ದರೆ ಮುಖ್ಯ ತಪಾಸಕರು ತುರ್ತು ಸೂಚನೆ ಹೊರಡಿಸಬಹುದು. ನ್ಯಾಯ ಸಚಿವರು 28 ದಿನಗಳೊಳಗೆ ಬಹಿರಂಗವಾಗಿ ಉತ್ತರಿಸಬೇಕು. ನಿಮ್ಮವರಿರುವ ಜೈಲಿನ ಇತ್ತೀಚಿನ ವರದಿಯನ್ನು ಅಂತರ್ಜಾಲದಲ್ಲಿ ಓದಿ, ನಿಮ್ಮ ದೂರಿಗೆ ಹೊಂದುವ ಭಾಗವನ್ನು ಎತ್ತಿ ಬರೆದರೆ ದೂರಿಗೆ ತೂಕ ಬರುತ್ತದೆ.

ಚಿಕಿತ್ಸೆಯ ಗುಣಮಟ್ಟದ ದೂರು ಮಾತ್ರ ಬೇರೆ ದಾರಿ ಹಿಡಿಯುತ್ತದೆ: ಮೊದಲು ಜೈಲಿನ ಆರೋಗ್ಯ ಸೇವೆ ನಡೆಸುವ ಸಂಸ್ಥೆಗೆ, ಆಮೇಲೆ ಸಂಸತ್ತು ಮತ್ತು ಆರೋಗ್ಯ ಸೇವೆಗಳ ಒಂಬುಡ್ಸ್‌ಮನ್ನರಿಗೆ. ಸ್ಕಾಟ್‌ಲೆಂಡ್ ಮತ್ತು ಉತ್ತರ ಐರ್ಲೆಂಡಿನಲ್ಲಿ ಈ ಕೆಲಸಗಳಿಗೆ ಅವರದೇ ಸಂಸ್ಥೆಗಳಿವೆ.

ದೂರು ಕೊಟ್ಟರೆ ಒಳಗಿರುವವಳಿಗೆ ತೊಂದರೆಯಾದೀತೆಂಬ ಅಂಜಿಕೆ ಸಹಜ. ಬ್ರಿಟನ್ 2003ರಲ್ಲಿ ಒಪ್ಪಿಕೊಂಡ ಚಿತ್ರಹಿಂಸೆ ತಡೆಯ ವಿಶ್ವಸಂಸ್ಥೆಯ ಐಚ್ಛಿಕ ಒಡಂಬಡಿಕೆ, ಮೇಲ್ವಿಚಾರಕರಿಗೆ ಮಾಹಿತಿ ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವುದನ್ನು ನಿಷೇಧಿಸುತ್ತದೆ. ಬೆದರಿಕೆ ಬಂದರೆ ದಿನಾಂಕ, ಹೊತ್ತು, ಆಡಿದ ಮಾತು ಇವನ್ನು ಅಂದೇ ಬರೆದಿಟ್ಟು ಮಾನಿಟರಿಂಗ್ ಬೋರ್ಡಿಗೆ ತಿಳಿಸಬೇಕು.